ಸಾಗರದ ಹುಡುಗಿ, ಓಹಾಯೊದ ಹುಡುಗ: ನಮ್ಮ ಮದುವೆಯ ಕಾಗದಪತ್ರಗಳ ಕಥೆ

ವಿದೇಶದವರನ್ನು ಮದುವೆಯಾಗಲು ಹೊರಟವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. "ನೋಟರಿ ಮಾಡಿಸಿದ್ರೆ ಸಾಕಾ, ಅಪೊಸ್ಟಿಲ್ಲೂ ಬೇಕಾ?" ನಾನು ತಿರುಗಿ ಕೇಳುತ್ತೇನೆ, "ಯಾವ ಕಾಗದಕ್ಕೆ? ಅದನ್ನ ಕೊನೆಗೆ ನೋಡೋರು ಯಾರು?" ಈ ಎರಡು ಗೊತ್ತಾಗದೆ ಎಷ್ಟು ಸೀಲು ಹಾಕಿಸಿದರೂ ದುಡ್ಡು ದಂಡ, ರಜೆಯೂ ದಂಡ. ಅದಕ್ಕೇ ನಮ್ಮ ಮದುವೆಗೆ ನಾವು ಕಾಗದ ಹೊಂದಿಸಿದ್ದು ಹೇಗೆ ಅಂತ ಒಂದು ಸಲ ಪೂರ್ತಿ ಬರೆದಿಡುತ್ತಿದ್ದೇನೆ.

ನನ್ನ ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನನ್ನ ಸಂಗಾತಿ ಅಮೆರಿಕದ ಓಹಾಯೊ ರಾಜ್ಯದವನು. ಅವನಿಗೆ ಹಿಂದೆ ಒಂದು ಮದುವೆಯಾಗಿ, ವಿಚ್ಛೇದನವಾಗಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಓಡಾಟದಲ್ಲಿ ಜಾಸ್ತಿ ಪಾಲು ಈ ಒಂದು ಸಂಗತಿಯಿಂದ ಬಂತು.

ಮದುವೆ ಅಮೆರಿಕದಲ್ಲೇ ಆಗಬಹುದಿತ್ತು. ಅಲ್ಲಿ ಇಬ್ಬರೂ ಕೌಂಟಿ ಕಚೇರಿಗೆ, ಅಂದರೆ ನಮ್ಮ ಜಿಲ್ಲಾ ಕಚೇರಿಯಂಥ ಕಡೆಗೆ, ಹೋಗಿ ಮದುವೆಯ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ. ಕೆಲವು ರಾಜ್ಯಗಳಲ್ಲಿ ಕಾಯುವುದೇ ಬೇಡ. ನ್ಯೂಯಾರ್ಕ್‌ನಲ್ಲಿ 24 ಗಂಟೆ, ಟೆಕ್ಸಸ್‌ನಲ್ಲಿ 72 ಗಂಟೆ ಕಾಯಬೇಕು. ನಮ್ಮಲ್ಲಿ ಅದಕ್ಕೆ 30 ದಿನ. ಆದರೂ ನಾವು ಇಲ್ಲೇ ಅಂತ ನಿರ್ಧಾರ ಮಾಡಿದೆವು. ನನ್ನ ಅಜ್ಜಿ ಅಷ್ಟು ದೂರ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಅಜ್ಜಿ ಇಲ್ಲದೆ ನನಗೆ ಮದುವೆ ಬೇಕಿರಲಿಲ್ಲ.

ಭಾರತದಲ್ಲಿ ನಮ್ಮಂಥವರಿಗೆ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗಲು ಇಬ್ಬರೂ ಹಿಂದೂಗಳಾಗಿರಬೇಕು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ಆಮೇಲೆ ಸುಮ್ನೆ ರಿಜಿಸ್ಟರ್ ಮಾಡಿಸಿಬಿಡಿ ಅಂತ ತುಂಬಾ ಜನ ಹೇಳಿದರು. ಅವನು ಮತಾಂತರ ಆಗದೆ ಅದು ನಡೆಯುವುದಿಲ್ಲ. ಒಂದು ಸರ್ಟಿಫಿಕೇಟ್‌ಗೋಸ್ಕರ ಅವನಿಂದ ಇಲ್ಲದ ನಂಬಿಕೆಯನ್ನು ಹೇಳಿಸುವುದು ನನಗೂ ಇಷ್ಟವಿರಲಿಲ್ಲ, ನಮ್ಮಪ್ಪನಿಗೂ ಇಷ್ಟವಿರಲಿಲ್ಲ.

ವಿಶೇಷ ವಿವಾಹ ಕಾಯ್ದೆ ಕೇಳುವುದು ಕಡಿಮೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು. ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇರಬೇಕು. ಇಬ್ಬರ ಮಧ್ಯೆ ಕಾನೂನು ನಿಷೇಧಿಸಿದ ಹತ್ತಿರದ ನೆಂಟಸ್ತಿಕೆ ಇರಬಾರದು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಮಾಡಿರಬೇಕು. ಇಷ್ಟೇ. ಕರ್ನಾಟಕದಲ್ಲಿ ಸಬ್ ರಿಜಿಸ್ಟ್ರಾರ್ ಅವರೇ ವಿವಾಹಾಧಿಕಾರಿ. ಕಾಯ್ದೆ ಕೇಳುವ ಈ ಒಂದೊಂದು ಮಾತನ್ನೂ ಅವರ ಮುಂದೆ ಕಾಗದದಲ್ಲಿ ತೋರಿಸಬೇಕು. ಕಷ್ಟ ಇರುವುದು ಅಲ್ಲಿ.

ಮೊದಲು ಸೀಲುಗಳ ವಿಷಯ ಹೇಳಿಬಿಡುತ್ತೇನೆ. ಇದು ತಲೆಗೆ ಹೋದ ಮೇಲೆ ನಮ್ಮ ಗೊಂದಲ ಎಷ್ಟೋ ಕಡಿಮೆಯಾಯಿತು.

ಅಫಿಡವಿಟ್ ಅಂದರೆ ನಾನು ಪ್ರಮಾಣ ಮಾಡಿ ಹೇಳುವ ಮಾತು. "ನನಗೆ ಮದುವೆಯಾಗಿಲ್ಲ" ಅಂತ ನಾನು ಬರೆದು ಸಹಿ ಹಾಕುತ್ತೇನೆ. 1952ರ ನೋಟರಿ ಕಾಯ್ದೆಯಡಿ ನೇಮಕವಾದ ವಕೀಲರು ಅದಕ್ಕೆ ಸೀಲು ಹಾಕುತ್ತಾರೆ. ಆ ಸೀಲಿನ ಅರ್ಥ ಏನು? ಈ ಹೆಂಗಸು ನನ್ನ ಮುಂದೆ ಬಂದಳು, ಗುರುತು ತೋರಿಸಿದಳು, ಪ್ರಮಾಣ ಮಾಡಿ ಸಹಿ ಹಾಕಿದಳು ಅಂತ ಮಾತ್ರ. ನನಗೆ ಮದುವೆಯಾಗಿಲ್ಲ ಅನ್ನುವುದು ನೋಟರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆ ಮಾತಿನ ಹೊಣೆ ನನ್ನದು.

ಅಪೊಸ್ಟಿಲ್ ಬೇರೆ. ಒಂದು ದೇಶದ ಅಧಿಕಾರಿಯ ಸಹಿ, ಸೀಲು ನಿಜ ಅಂತ ಇನ್ನೊಂದು ದೇಶಕ್ಕೆ ಹೇಳುವುದು ಅದರ ಕೆಲಸ. 1961ರ ಹೇಗ್ ಒಪ್ಪಂದದಿಂದ ಬಂದ ಪದ್ಧತಿ ಅದು. ಅಮೆರಿಕದಲ್ಲಿ 1981ರಿಂದ ಇದೆ, ಭಾರತದಲ್ಲಿ 2005ರಿಂದ. ಅಪೊಸ್ಟಿಲ್ ಕೂಡ ಒಳಗಿನ ವಿಷಯ ಸತ್ಯ ಅನ್ನುವುದಿಲ್ಲ. ಹಾಗಾಗಿ ಭಾರತದಲ್ಲಿ ಹುಟ್ಟಿ ಭಾರತದ ಕಚೇರಿಗೇ ಹೋಗುವ ಕಾಗದಕ್ಕೆ ಅಪೊಸ್ಟಿಲ್ ಬೇಕಿಲ್ಲ. ಅಮೆರಿಕದ ನ್ಯಾಯಾಲಯದ ಕಾಗದ ಬೆಂಗಳೂರಿನ ಕಚೇರಿಗೆ ಬರಬೇಕಾದರೆ ಅದಕ್ಕೆ ಬೇಕು. ನನ್ನ ಫೈಲಿಗೂ ಅವನ ಫೈಲಿಗೂ ಬೇರೆ ಬೇರೆ ಸೀಲು ಬಿದ್ದದ್ದು ಇದಕ್ಕೇ.

ನನ್ನ ಕಡೆಯ ದೊಡ್ಡ ತಲೆನೋವು ಹೆಸರು. ನಮ್ಮಲ್ಲಿ ಹಿಂದಿನಿಂದ ಇರುವುದು ಇನಿಷಿಯಲ್. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನನ್ನ ಹೆಸರು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೀಗೇ ಇದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು. ಅಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿತು. ಆಧಾರ್‌ನಲ್ಲಿ ಒಂದು ಇನಿಷಿಯಲ್ ಮಾತ್ರ, ಅದೂ ಹೆಸರಿನ ಕೊನೆಗೆ. ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರೇ ಇಲ್ಲ. ಆಗ ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯಿಂದ ಜನನ ನೋಂದಣಿ ಆಗುತ್ತಿತ್ತು. "ಹೆಣ್ಣು" ಅಂತ ಬರೆದು, ಅಪ್ಪ ಅಮ್ಮನ ಹೆಸರು ಹಾಕಿ ಮುಗಿಸಿದ್ದಾರೆ. ಹೆಸರನ್ನು ಆಮೇಲೆ ಸೇರಿಸಬಹುದು ಅಂತ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಇದೆ. ನೋಂದಣಿಯಾಗಿ 15 ವರ್ಷದೊಳಗಾದರೆ ಶುಲ್ಕ ಕಟ್ಟಿ ಸುಲಭವಾಗಿ ಮಾಡಿಸಬಹುದಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ಮನೆಯಲ್ಲಿ ಮಕ್ಕಳಿದ್ದವರು ಇವತ್ತೇ ಒಮ್ಮೆ ಆ ಕಾಗದ ತೆಗೆದು ನೋಡಿ.

ನಮ್ಮ ಪುಣ್ಯಕ್ಕೆ ವಯಸ್ಸಿನ ಪುರಾವೆಗೆ ಎಸ್ಎಸ್ಎಲ್‌ಸಿ ಅಂಕಪಟ್ಟಿ ಸಾಕು ಅಂದರು. ಆದರೆ ಅಂಕಪಟ್ಟಿಯ ನಾನೂ ಪಾಸ್‌ಪೋರ್ಟಿನ ನಾನೂ ಒಬ್ಬಳೇ ಅಂತ ಇನ್ನೊಂದು ಅಫಿಡವಿಟ್ ಬೇಕಾಯಿತು. ಅದರಲ್ಲಿ ಮೂರು ಕಡೆಯ ಹೆಸರನ್ನೂ, ಆಯಾ ದಾಖಲೆಯಲ್ಲಿ ಇರುವ ಹಾಗೇ, ಒಂದು ಚುಕ್ಕೆ ಕೂಡ ಬದಲಿಸದೆ ಬರೆಸಿದೆ. ಇವೆಲ್ಲ ಒಬ್ಬ ವ್ಯಕ್ತಿಯ ಹೆಸರುಗಳು, ಆ ವ್ಯಕ್ತಿ ನಾನೇ ಅಂತ ಪ್ರಮಾಣ. ಈ ಒಂದು ಕಾಗದ ಆಮೇಲೆ ಅಮೆರಿಕದ ಅರ್ಜಿಗೂ ಬಂತು. ಇನಿಷಿಯಲ್ ಇರುವ ಎಲ್ಲ ಕನ್ನಡಿಗರಿಗೂ ನಾನು ಹೇಳುವುದು ಇದನ್ನೇ: ಮದುವೆ ಗೊತ್ತಾಗುವ ಮೊದಲೇ ಇದನ್ನು ಮಾಡಿಸಿಟ್ಟುಕೊಳ್ಳಿ.

ಕರ್ನಾಟಕದ ಇ-ಸ್ಟ್ಯಾಂಪ್ ಪೇಪರ್ ತೆಗೆದುಕೊಳ್ಳುವಾಗಲೂ ಕಣ್ಣಿಟ್ಟು ನೋಡಬೇಕು. ಜನ ಇದನ್ನು ಬಾಂಡ್ ಪೇಪರ್ ಅಂತಲೂ ಕರೆಯುತ್ತಾರೆ. ಅದರ ಮೇಲೆ ಕೊಂಡವರ ಹೆಸರು, ಯಾವ ಉದ್ದೇಶಕ್ಕೆ ಅನ್ನುವುದು ಮುದ್ರಣವಾಗಿರುತ್ತದೆ. ಉದ್ದೇಶದ ಸಾಲಿನಲ್ಲಿ ಆರ್ಟಿಕಲ್ 4, ಅಫಿಡವಿಟ್ ಅಂತ ಇರಬೇಕು. ಹೆಸರು ಕೆಳಗೆ ಟೈಪ್ ಮಾಡಿಸುವ ಅಫಿಡವಿಟ್‌ಗೆ ಹೊಂದಬೇಕು. ಅಂಗಡಿಯವರು ಗಡಿಬಿಡಿಯಲ್ಲಿ ಹೊಡೆಯುತ್ತಾರೆ, ಕೌಂಟರ್ ಬಿಡುವ ಮುಂಚೆ ಓದಿಕೊಳ್ಳುವುದು ಒಳ್ಳೆಯದು.

ನೋಟರಿ ಹತ್ತಿರ ಹೋದದ್ದು ಸಿಟಿ ಸಿವಿಲ್ ಕೋರ್ಟ್ ಆಸುಪಾಸಿನಲ್ಲಿ. ಅಲ್ಲಿ ಮೊದಲು ಸಿಕ್ಕಿದವರೊಬ್ಬರು, "ಮೇಡಂ, ಹುಡುಗ ಬರೋದೇ ಬೇಡ, ಪಾಸ್‌ಪೋರ್ಟ್ ಜೆರಾಕ್ಸ್ ಕೊಡಿ, ಎರಡೂ ಕಡೆ ಅಫಿಡವಿಟ್ ಸಂಜೆಯೊಳಗೆ ಮಾಡಿಸ್ಕೊಡ್ತೀನಿ" ಅಂದರು. ಸುಲಭದ ಮಾತು, ಅಲ್ವಾ? ನಾನು ಬೇಡ ಅಂದೆ. ಎದುರಿಗೆ ಇಲ್ಲದವನ ಸಹಿಗೆ ಸೀಲು ಹಾಕಿದರೆ ಆ ಸೀಲು ಹೇಳುವ ಒಂದೇ ಒಂದು ಮಾತೂ ಸುಳ್ಳಾಗುತ್ತದೆ. ಇದೇ ಕಾಗದಗಳ ಮೇಲೆ ನಾಳೆ ನಮ್ಮ ಮದುವೆಯ ಸರ್ಟಿಫಿಕೇಟ್ ನಿಲ್ಲುತ್ತದೆ, ಅದರ ಮೇಲೆ ವೀಸಾ ನಿಲ್ಲುತ್ತದೆ. ಸಾಲಾಗಿ ನಿಲ್ಲಿಸಿದ ಇಟ್ಟಿಗೆಯ ಹಾಗೆ, ಮೊದಲನೆಯದು ಬಿದ್ದರೆ ಕೊನೆಯದೂ ಬೀಳುತ್ತದೆ. ಇಂಥ ಉಪಕಾರ ಮಾಡುತ್ತೇವೆ ಅನ್ನುವವರಿಂದ ದೂರ ಇರಿ. ಅವರಿಗೆ ಆ ದಿನದ ಸಂಪಾದನೆ, ತೊಂದರೆ ಬಂದರೆ ಅನುಭವಿಸುವವರು ನಾವು.

ಆಮೇಲೆ ಒಬ್ಬ ಹಿರಿಯ ನೋಟರಿ ಸಿಕ್ಕಿದರು. ಅವರು ನನ್ನ ಅಫಿಡವಿಟ್ ಪೂರ್ತಿ ಓದಿದರು. ಮೂಲ ಪಾಸ್‌ಪೋರ್ಟ್ ಕೇಳಿ ತಗೊಂಡು ಮುಖ ನೋಡಿದರು. "ಇದರಲ್ಲಿ ಬರೆದಿರೋದು ಎಲ್ಲಾ ಓದಿದ್ದೀಯೇನಮ್ಮ? ನಿಜ ತಾನೆ?" ಅಂತ ಕೇಳಿದರು. ಹೌದು ಅಂದ ಮೇಲೆ ಅವರೆದುರೇ ಸಹಿ ಮಾಡಿಸಿ, ತಮ್ಮ ರಿಜಿಸ್ಟರ್‌ನಲ್ಲೂ ಸಹಿ ತೆಗೆದುಕೊಂಡು, ನೋಟರಿ ಸ್ಟ್ಯಾಂಪ್ ಅಂಟಿಸಿ, ಪುಟ ಪುಟಕ್ಕೂ ಸೀಲು ಹಾಕಿದರು. ಆ ರಿಜಿಸ್ಟರ್‌ನ ಕ್ರಮಸಂಖ್ಯೆಯನ್ನು ಅಫಿಡವಿಟ್ ಮೇಲೂ ಬರೆದರು. ಈ ಸಂಖ್ಯೆ ಮುಖ್ಯ. ಮುಂದೆ ಯಾರಿಗಾದರೂ ಅನುಮಾನ ಬಂದರೆ ರಿಜಿಸ್ಟರ್ ತೆಗೆದು ನೋಡಬಹುದು.

ಈಗ ಅವನ ಕಡೆಗೆ ಬರುತ್ತೇನೆ. ಬೇಕಿದ್ದದ್ದು ಮುಖ್ಯವಾಗಿ ಎರಡು. ಹಳೆಯ ಮದುವೆ ಮುಗಿದಿದೆ ಅನ್ನುವುದಕ್ಕೆ ವಿಚ್ಛೇದನದ ಡಿಕ್ರಿ. ಈಗ ಮದುವೆಯಾಗಲು ಅಡ್ಡಿಯಿಲ್ಲ ಅನ್ನುವುದಕ್ಕೆ ಒಂದು ಪತ್ರ.

ಡಿಕ್ರಿಯ ಪ್ರತಿ ಅವನ ಹತ್ತಿರ ಇತ್ತು. ಅದರ ಜೆರಾಕ್ಸ್ ಮಾಡಿ ಅಲ್ಲಿನ ನೋಟರಿಯಿಂದ ಸೀಲು ಹಾಕಿಸಿದರೆ ಸಾಕು ಅಂತ ಗೊತ್ತಿದ್ದವರು ಹೇಳಿದ್ದರು. ಅದು ಕೆಲಸಕ್ಕೆ ಬರುವುದಿಲ್ಲ. ನ್ಯಾಯಾಲಯದ ಆದೇಶದ ನಕಲು ಸರಿಯಿದೆ ಅಂತ ಹೇಳಬೇಕಾದವರು ಆ ನ್ಯಾಯಾಲಯದ ಕ್ಲರ್ಕ್. ಜನನ ಪ್ರಮಾಣಪತ್ರದ ವಿಷಯದಲ್ಲೂ ಹಾಗೇ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅಂಥ ದಾಖಲೆಯ ನಕಲನ್ನು ದೃಢೀಕರಿಸುವ ಅಧಿಕಾರ ನೋಟರಿಗೆ ಇಲ್ಲ. ಅಲ್ಲಿಯ ನೋಟರಿ ಬಹಳ ಸಲ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಇರುವ ಸಾಮಾನ್ಯ ಉದ್ಯೋಗಿ, ನಮ್ಮಲ್ಲಿಯ ಹಾಗೆ ವಕೀಲರಾಗಿರಬೇಕು ಅಂತೇನಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಅಲ್ಲಿಂದ ಚಂದದ ಸೀಲಿರುವ, ಉಪಯೋಗಕ್ಕೆ ಬಾರದ ಕಾಗದ ಹೊತ್ತು ತರುತ್ತಾರೆ.

ಅವನು ಭಾರತಕ್ಕೆ ಹೊರಡುವ ಮುಂಚೆಯೇ ಕೌಂಟಿ ನ್ಯಾಯಾಲಯದ ಕ್ಲರ್ಕ್ ಕಚೇರಿಯಿಂದ ಡಿಕ್ರಿಯ ಸರ್ಟಿಫೈಡ್ ಕಾಪಿ ತೆಗೆಸಿದ. ಅದನ್ನು ಕೊಲಂಬಸ್‌ನಲ್ಲಿರುವ ಓಹಾಯೊದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಕಳಿಸಿ ಅಪೊಸ್ಟಿಲ್ ಮಾಡಿಸಿದ. ಜನನ ಪ್ರಮಾಣಪತ್ರಕ್ಕೂ ಹೀಗೇ. ಅಮೆರಿಕದಲ್ಲಿ ರಾಜ್ಯದ ಕಾಗದಕ್ಕೆ ಆಯಾ ರಾಜ್ಯವೇ ಅಪೊಸ್ಟಿಲ್ ಕೊಡಬೇಕು. ಓಹಾಯೊ ಡಿಕ್ರಿಗೆ ಕ್ಯಾಲಿಫೋರ್ನಿಯಾ ಕೊಡುವುದಿಲ್ಲ, ವಾಷಿಂಗ್ಟನ್‌ನಲ್ಲಿರುವ ವಿದೇಶಾಂಗ ಇಲಾಖೆಯೂ ಕೊಡುವುದಿಲ್ಲ. ಆ ಇಲಾಖೆ ಕೊಡುವುದು ಎಫ್‌ಬಿಐ ವರದಿಯಂಥ ಕೇಂದ್ರ ಸರ್ಕಾರದ ಕಾಗದಗಳಿಗೆ. ಇದನ್ನೆಲ್ಲ ಅಲ್ಲಿದ್ದಾಗಲೇ ಮುಗಿಸಿದ್ದು ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಬೆಂಗಳೂರಿಗೆ ಬಂದ ಮೇಲೆ ಇದು ನೆನಪಾಗಿದ್ದರೆ ಕೊರಿಯರ್‌ಗೆ ಕಾಯುತ್ತಾ ಅವನ ವೀಸಾ ಅವಧಿ ಕರಗುತ್ತಿತ್ತು.

ಎರಡನೆಯ ಪತ್ರದ್ದು ದೊಡ್ಡ ಕಥೆ. ನಾವು ಹೋದ ಕಚೇರಿಯಲ್ಲಿ "ಎಂಬಸಿಯಿಂದ ಎನ್ಒಸಿ ತನ್ನಿ" ಅಂದರು. ಅಮೆರಿಕ ಅಂಥ ಎನ್ಒಸಿ ಕೊಡುವುದೇ ಇಲ್ಲ. ಅಲ್ಲಿ ಮದುವೆ ದಾಖಲಾಗುವುದು ಕೌಂಟಿಯಲ್ಲಿ, ರಾಜ್ಯದಲ್ಲಿ. ಇಡೀ ದೇಶಕ್ಕೆ ಒಂದು ಮದುವೆ ರಿಜಿಸ್ಟರ್ ಇಲ್ಲ. ಒಬ್ಬ ಮನುಷ್ಯನಿಗೆ ಮದುವೆಯಾಗಿದೆಯೋ ಇಲ್ಲವೋ ಅಂತ ಹೇಳುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಕಾನೂನಿನಲ್ಲಿ ಇಲ್ಲ. ಅದರ ಬದಲು ಆ ದೇಶದ ಪ್ರಜೆ ರಾಯಭಾರ ಕಚೇರಿಗೋ ಕಾನ್ಸುಲೇಟ್‌ಗೋ ಹೋಗಿ, ನನಗೆ ಮದುವೆಯಾಗಲು ಅಡ್ಡಿಯಿಲ್ಲ ಅಂತ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ಕೊಡುತ್ತಾನೆ. ಅಧಿಕಾರಿ ಅದನ್ನು ನೋಟರಿ ಮಾಡುತ್ತಾರೆ. ಇದನ್ನೇ ಎನ್ಒಸಿಯ ಜಾಗದಲ್ಲಿ ಇಡಬೇಕು. ಅಮೆರಿಕದ ವಿದೇಶಾಂಗ ಇಲಾಖೆ ಈ ವಿಷಯ ಬರೆದಿರುವ ಪುಟವನ್ನು ಪ್ರಿಂಟ್ ತೆಗೆದು ನಾವು ಕಚೇರಿಗೆ ಕೊಟ್ಟೆವು. ಅಲ್ಲಿಯ ಗುಮಾಸ್ತರು ಅದನ್ನು ಓದಿ, ಸಾಹೇಬರಿಗೆ ತೋರಿಸಿ, "ಸರಿ, ಎಂಬಸಿ ಸೀಲ್ ಇರೋ ಕಾಗದ ಬಂದ್ರೆ ಸಾಕು" ಅಂದರು. ಜಗಳ ಆಡಿದ್ದರೆ ಈ ಉತ್ತರ ಬರುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಅವರಿಗೂ ಫೈಲಿನಲ್ಲಿ ಏನಾದರೂ ಆಧಾರ ಬೇಕಿರುತ್ತದೆ. ಅದನ್ನು ನಾವೇ ಕೈಗೆ ಕೊಟ್ಟರೆ ಕೆಲಸ ಮುಂದೆ ಹೋಗುತ್ತದೆ.

ನಮ್ಮ ಮದುವೆಯ ಸಮಯದಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ. ಅದರ ಉದ್ಘಾಟನೆ ಆದದ್ದು 2025ರ ಜನವರಿಯಲ್ಲಿ. ನಾವು ಹೋಗಬೇಕಾದದ್ದು ಚೆನ್ನೈಗೆ. ಅಣ್ಣಾ ಸಾಲೈಯಲ್ಲಿ ಜೆಮಿನಿ ಸರ್ಕಲ್ ಹತ್ತಿರದ ಕಾನ್ಸುಲೇಟ್. ನೋಟರಿ ಸೇವೆಗೆ ಆನ್‌ಲೈನ್‌ನಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ರಾತ್ರಿ ಚೆನ್ನೈ ಮೇಲ್ ಹತ್ತಿ ಬೆಳಿಗ್ಗೆ ಇಳಿದೆವು. ಮೊಬೈಲ್ ಒಳಗೆ ಬಿಡುವುದಿಲ್ಲ, ಹಾಗಾಗಿ ಅವನ ಫೋನನ್ನು ಇಟ್ಟುಕೊಂಡು ನಾನು ಹೊರಗೆ ಉಳಿದೆ.

ಅವನು ಹೋಗುವ ಮುಂಚೆ ಅಫಿಡವಿಟ್ ತುಂಬಿಸಿಕೊಂಡಿದ್ದ, ಸಹಿ ಮಾತ್ರ ಹಾಕಿರಲಿಲ್ಲ. ಇದು ಇಲ್ಲಿಯ ನೋಟರಿಗೂ ಅನ್ವಯಿಸುತ್ತದೆ: ಪ್ರಮಾಣದ ಕಾಗದಕ್ಕೆ ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ. ಅಧಿಕಾರಿಯ ಕಣ್ಣೆದುರೇ ಹಾಕಬೇಕು. ಒಳಗೆ ಶುಲ್ಕ ಕಟ್ಟಿಸಿಕೊಂಡರು, ಆಗ ಒಂದು ಸೀಲಿಗೆ 50 ಡಾಲರ್. ಅಧಿಕಾರಿ ಬಲಗೈ ಎತ್ತಿಸಿ, ಬರೆದಿರುವುದೆಲ್ಲ ನಿಜವೇ ಅಂತ ಕೇಳಿದರಂತೆ. ಹೌದು ಅಂದ ಮೇಲೆ ಸಹಿ, ಸೀಲು. ಅಷ್ಟಕ್ಕೇ ಮುಗಿಯಿತು. ಹೊರಗೆ ಬಂದವನು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಒಳಗೆ ನೀನು ಜೊತೆಗಿರದಿದ್ದರೂ, ನಿನ್ನ ಬಗ್ಗೆಯೇ ಪ್ರಮಾಣ ಮಾಡಿದೆ" ಅಂದ. ನನಗೆ ಆ ರಸ್ತೆಯಲ್ಲೇ ಕಣ್ಣು ತುಂಬಿತು. ಸೀಲು, ಶುಲ್ಕ, ಸರದಿ ಅಂತ ಓಡಾಡುವಾಗ ಇದು ಯಾಕೆ ಅನ್ನುವುದು ಮರೆತುಹೋಗಿರುತ್ತದೆ.

ಇವನ್ನೆಲ್ಲ ಸೇರಿಸಿ ನೋಟಿಸ್ ಕೊಟ್ಟೆವು. ನೋಟಿಸ್ ಅಂದರೆ ಮದುವೆಯಾಗುತ್ತೇವೆ ಅಂತ ವಿವಾಹಾಧಿಕಾರಿಗೆ ಮೊದಲೇ ತಿಳಿಸುವ, ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಒಂದು ನಮೂನೆ. ಹೆಸರು, ವಯಸ್ಸು, ಉದ್ಯೋಗ, ಈಗಿನ ವಾಸ, ಕಾಯಂ ವಾಸ, ಅವಿವಾಹಿತರೋ ವಿಚ್ಛೇದಿತರೋ ಅನ್ನುವುದು, ಎಷ್ಟು ದಿನದಿಂದ ಇಲ್ಲಿದ್ದೀರಿ ಅನ್ನುವುದು. ಕಾಯ್ದೆಯ ಪ್ರಕಾರ ಒಬ್ಬರ 30 ದಿನದ ವಾಸ ಸಾಕು. ನನ್ನ ಬಾಡಿಗೆ ಕರಾರು ಅದಕ್ಕೆ ಆಯಿತು. ಆದರೂ ಅವನು ಎಲ್ಲಿ ಉಳಿದಿದ್ದಾನೆ ಅನ್ನುವುದಕ್ಕೂ ಕಾಗದ ಕೇಳಿದರು. ವಿದೇಶಿಯರು ಮನೆಗೆ ಬಂದು ಉಳಿದರೆ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಕೊಡಬೇಕು, ಆಗ ಆ ನಮೂನೆಗೆ ಫಾರ್ಮ್ ಸಿ ಅನ್ನುತ್ತಿದ್ದರು. ಹೋಟೆಲಿನವರು ತಾವೇ ಕೊಡುತ್ತಾರೆ, ಮನೆಯಲ್ಲಾದರೆ ಮನೆಯವರು ಕೊಡಬೇಕು. ಅವನು ಉಳಿದಿದ್ದ ಮನೆಯ ಆಂಟಿಗೆ ಇದನ್ನು ಕೇಳಿ ಮೊದಲು ಭಯವಾಯಿತು. "ಪೊಲೀಸ್ ಬರ್ತಾರೇನಮ್ಮ?" ಅಂದರು. ಕೂತು ಒಂದೊಂದೇ ಕಾಲಂ ತೋರಿಸಿ ತುಂಬಿಸಿದ ಮೇಲೆ ನೆಮ್ಮದಿಯಾದರು. ಆ ಫಾರ್ಮ್‌ನ ಪ್ರತಿಯೇ ಕಚೇರಿಯಲ್ಲಿ ಅವನ ವಾಸಕ್ಕೆ ಆಧಾರವಾಯಿತು.

ನೋಟಿಸ್ ಕೊಟ್ಟ ದಿನದಿಂದ ಶುರುವಾಗುವುದು 30 ದಿನದ ಕಾಯುವಿಕೆ. ಈ ಭಾಗದ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನಮ್ಮ ನೋಟಿಸನ್ನು ಕಚೇರಿಯ ಗೋಡೆಗೆ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಹೆಸರು, ವಿಳಾಸ ಎಲ್ಲ ಅದರಲ್ಲಿ ಇರುತ್ತದೆ. ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಯ ವಿವಾಹಾಧಿಕಾರಿಗೂ ಒಂದು ಪ್ರತಿ ಕಳಿಸಿ ಅಲ್ಲಿಯ ಗೋಡೆಗೂ ಅಂಟಿಸಬೇಕು ಅಂತ ಆರನೇ ಸೆಕ್ಷನ್ ಹೇಳುತ್ತದೆ. ನನ್ನ ನೋಟಿಸ್ ಊರ ಕಡೆಗೂ ಹೋಯಿತು. ನಮ್ಮ ಮನೆಯವರೆಲ್ಲ ಒಪ್ಪಿದ್ದರಿಂದ ಅದು ಬರೀ ಸುದ್ದಿಯಾಯಿತು. "ಏನೇ, ಅಮೆರಿಕದ ಅಳಿಯನಂತೆ" ಅಂತ ಅಮ್ಮನಿಗೆ ನಾಲ್ಕು ಜನ ಫೋನ್ ಮಾಡಿದರು. ಅದೇ ಮನೆಯವರಿಗೆ ಹೇಳದೆ ಜಾತಿ ಬಿಟ್ಟು, ಧರ್ಮ ಬಿಟ್ಟು ಮದುವೆಯಾಗುತ್ತಿರುವ ಒಬ್ಬ ಹುಡುಗಿ ಆಗಿದ್ದರೆ? ಆ ಒಂದು ಹಾಳೆಯಿಂದ ಅವಳ ಜೀವಕ್ಕೇ ಅಪಾಯ ಬರಬಹುದು. ನೋಟಿಸ್ ಅಂಟಿಸುವುದು ಜೋಡಿಯ ಇಷ್ಟಕ್ಕೆ ಬಿಟ್ಟದ್ದು, ಕಡ್ಡಾಯವಲ್ಲ ಅಂತ 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ನಮ್ಮ ಕಚೇರಿಯಲ್ಲಿ ಹಳೆಯ ಪದ್ಧತಿಯೇ ನಡೆಯಿತು. ಇಬ್ಬರು ವಯಸ್ಕರು ಪ್ರಮಾಣ ಮಾಡಿ, ಪುರಾವೆ ಕೊಟ್ಟ ಮೇಲೆ ಊರಿನವರ ಆಕ್ಷೇಪಣೆಗೆ ಯಾಕೆ ಒಂದು ತಿಂಗಳು ಕೊಡಬೇಕು ಅನ್ನುವುದು ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರಿಗೆ ಇದು ಇಲ್ಲವಲ್ಲ.

ಆಕ್ಷೇಪಣೆಯ ಬಗ್ಗೆ ಹೆದರಿಸುವವರೂ ಸಿಗುತ್ತಾರೆ. ಗೊತ್ತಿರಬೇಕಾದದ್ದು ಇಷ್ಟು. ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು, ಆದರೆ ಮೇಲೆ ಹೇಳಿದ ಷರತ್ತುಗಳಲ್ಲಿ ಒಂದನ್ನು ಮುರಿದಿದ್ದಾರೆ ಅಂತ ಮಾತ್ರ ಹೇಳಬಹುದು. "ನಮಗೆ ಇಷ್ಟವಿಲ್ಲ", "ಬೇರೆ ಧರ್ಮದವನು" ಅನ್ನುವುದು ಆಕ್ಷೇಪಣೆಯೇ ಅಲ್ಲ. ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಬೇಕು. ಸದುದ್ದೇಶವಿಲ್ಲದ ಆಕ್ಷೇಪಣೆ ಅಂತ ಕಂಡರೆ ಹಾಕಿದವರಿಂದ 1,000 ರೂಪಾಯಿವರೆಗೆ ಪರಿಹಾರವನ್ನೂ ವಸೂಲಿ ಮಾಡಬಹುದು. ಇದನ್ನು ತಿಳಿದುಕೊಂಡು ಹೋದರೆ ಧೈರ್ಯ ಇರುತ್ತದೆ. ಇನ್ನೊಂದು ಗಡುವು ಇದೆ: ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟಿಸ್ ಕೊಡಬೇಕು. ವೀಸಾದ ದಿನ, ರಜೆಯ ದಿನ ಎಲ್ಲವನ್ನೂ ಈ ಎರಡು ಗೆರೆಗಳ ಮಧ್ಯೆ ಹೊಂದಿಸಬೇಕು.

ಕಾಯುತ್ತಿದ್ದಾಗ ನಮ್ಮಪ್ಪ ಒಬ್ಬ ಪರಿಚಯದ ವಕೀಲರನ್ನು ಕಂಡು ಬಂದರು. ಅವರು ಹೇಳಿದ ಒಂದು ಮಾತು ನಮಗೆ ಯಾರೂ ಹೇಳಿರಲಿಲ್ಲ. ಕೂಡುಕುಟುಂಬದಲ್ಲಿರುವ ಹಿಂದೂ ಒಬ್ಬರು ಹಿಂದೂ ಅಲ್ಲದವರನ್ನು ಈ ಕಾಯ್ದೆಯಡಿ ಮದುವೆಯಾದರೆ, ಕುಟುಂಬದಿಂದ ಬೇರೆಯಾದ ಹಾಗೆ ಅಂತ 19ನೇ ಸೆಕ್ಷನ್ ಹೇಳುತ್ತದೆ. ನಮ್ಮದು ಅಡಿಕೆ ತೋಟ, ಅಪ್ಪ ಚಿಕ್ಕಪ್ಪಂದಿರದ್ದು ಒಟ್ಟಿಗೇ ಇದೆ. ಅಮ್ಮ ಗಾಬರಿಯಾದರು. ಆಸ್ತಿಯ ಹಕ್ಕು ಹೋಗುವುದಿಲ್ಲ, ಮದುವೆಯ ದಿನದಿಂದ ಅವಳ ಪಾಲು ಲೆಕ್ಕದಲ್ಲಿ ಬೇರೆಯಾಗುತ್ತದೆ ಅಷ್ಟೇ ಅಂತ ವಕೀಲರು ವಿವರಿಸಿದರು. ಮುಂದೆ ನನ್ನ ಆಸ್ತಿಯ ವಾರಸುದಾರಿಕೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಡೆಯುತ್ತದೆ. ಜಮೀನು ಇರುವ ಮನೆಗಳವರು ಇದನ್ನು ಮದುವೆಗೆ ಮುಂಚೆಯೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಆಮೇಲೆ ಗೊತ್ತಾದರೆ ಸುಮ್ನೆ ಮನಸ್ತಾಪ.

ದೇಶ ಬದಲಾದರೆ ಈ ಇಡೀ ಕಥೆ ಬದಲಾಗುತ್ತದೆ. ನನ್ನ ಗೆಳತಿಯೊಬ್ಬಳು ಜರ್ಮನಿಯಲ್ಲಿ ಅಲ್ಲಿಯವನನ್ನು ಮದುವೆಯಾದಳು. ಅಲ್ಲಿ ವಿದೇಶಿ ಪ್ರಜೆ ತನ್ನ ದೇಶದಿಂದ ಮದುವೆಗೆ ಅಡ್ಡಿಯಿಲ್ಲ ಅನ್ನುವ ಪ್ರಮಾಣಪತ್ರ ತರಬೇಕು. ಭಾರತದಲ್ಲಿ ಅಂಥ ಪತ್ರ ಕೊಡುವ ಪದ್ಧತಿ ಇಲ್ಲ, ಹಾಗಾಗಿ ಉಚ್ಚ ಪ್ರಾದೇಶಿಕ ನ್ಯಾಯಾಲಯದಿಂದ ವಿನಾಯಿತಿ ತೆಗೆದುಕೊಳ್ಳಬೇಕು. ಭಾರತದ ಅಪೊಸ್ಟಿಲ್ ಅನ್ನು ಜರ್ಮನಿ ಒಪ್ಪುವುದಿಲ್ಲ. ಅವರು ಇಲ್ಲಿಯ ದಾಖಲೆಗಳನ್ನು ತಾವೇ ಪರಿಶೀಲನೆ ಮಾಡಿಸುತ್ತಾರೆ. ಇಂಗ್ಲೆಂಡಿನವರಾದರೆ ತಮ್ಮ ಊರಿನ ರಿಜಿಸ್ಟರ್ ಕಚೇರಿಯಲ್ಲಿ ನೋಟಿಸ್ ಕೊಟ್ಟು, 28 ದಿನ ಆದ ಮೇಲೆ ಅಡ್ಡಿಯಿಲ್ಲದ ಸರ್ಟಿಫಿಕೇಟ್ ತರಬಹುದು. ಆದ್ದರಿಂದ ನನ್ನ ಫೈಲನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ಸಂಗಾತಿಯ ದೇಶ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದನ್ನು ಆ ದೇಶದ ಕಚೇರಿಯಿಂದಲೇ ಕೇಳಿ.

ಮದುವೆಯ ದಿನ ಕಚೇರಿಯಲ್ಲಿ ಮೂವರು ಸಾಕ್ಷಿಗಳು ಇರಬೇಕು, ಗುರುತಿನ ಚೀಟಿ ಸಮೇತ. ಅಪ್ಪ, ಚಿಕ್ಕಮ್ಮ, ನನ್ನ ಆಫೀಸಿನ ಗೆಳತಿ ಬಂದರು. ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಬಂದು ಒಳಗೆ ಕುರ್ಚಿಯಲ್ಲಿ ಕೂರಿಸಿದ್ದೆವು. ಮೊದಲು ನಾವಿಬ್ಬರೂ ಸಾಕ್ಷಿಗಳೂ ಘೋಷಣೆಗೆ ಸಹಿ ಹಾಕಿದೆವು. ಇದರಲ್ಲಿ ಸುಳ್ಳು ಹೇಳಿದರೆ ಜೈಲು, ದಂಡ ಎರಡೂ ಆಗಬಹುದು ಅಂತ ಘೋಷಣೆಯಲ್ಲೇ ಬರೆದಿರುತ್ತದೆ. ಆಮೇಲೆ ಅಧಿಕಾರಿಯ, ಸಾಕ್ಷಿಗಳ ಮುಂದೆ ಒಬ್ಬರನ್ನೊಬ್ಬರು ಗಂಡ ಹೆಂಡತಿಯಾಗಿ ಸ್ವೀಕರಿಸುತ್ತೇವೆ ಅಂತ ಬಾಯಿಬಿಟ್ಟು ಹೇಳಬೇಕು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು ಅಂತ ಕಾಯ್ದೆ ಹೇಳುತ್ತದೆ. ಇಬ್ಬರೂ ಇಂಗ್ಲಿಷಿನಲ್ಲಿ ಹೇಳಿದೆವು. ಮುಗಿದ ಮೇಲೆ ಅವನು ಅಜ್ಜಿಯ ಕಡೆ ತಿರುಗಿ, ಕಲಿತಿಟ್ಟುಕೊಂಡಿದ್ದ ಅದೇ ಮಾತನ್ನು ಕನ್ನಡದಲ್ಲಿ ಹೇಳಿದ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಅಜ್ಜಿ ಕೈ ಎತ್ತಿ ಹರಸಿದರು.

ಸರ್ಟಿಫಿಕೇಟ್ ಪುಸ್ತಕದಲ್ಲಿ ಸಹಿ ಹಾಕುವ ಮುಂಚೆ ಪ್ರತಿ ಅಕ್ಷರ ಓದಿಕೊಳ್ಳಿ. ಕರಡಿನಲ್ಲಿ ಅವನ ನಡುವಿನ ಹೆಸರು ಅವನ ಅಪ್ಪನ ಹೆಸರು ಅಂತ ಬಿದ್ದಿತ್ತು. ನಮ್ಮ ಪದ್ಧತಿಯಲ್ಲಿ ಹಾಗೇ ಇರುತ್ತದೆ, ಟೈಪ್ ಮಾಡಿದವರು ಅದೇ ಲೆಕ್ಕದಲ್ಲಿ ಹಾಕಿದ್ದರು. ಸಹಿಗೆ ಮೊದಲು ಹೇಳಿದ್ದರಿಂದ ಅಲ್ಲೇ ಸರಿಯಾಯಿತು. ಸಹಿ ಬಿದ್ದ ಮೇಲೆ ತಿದ್ದುಪಡಿ ಬೇರೆಯದೇ ಓಡಾಟ. ಒಂದೇ ಪ್ರತಿ ತರಬೇಡಿ, ಸರ್ಟಿಫೈಡ್ ಕಾಪಿಗಳನ್ನು ಜಾಸ್ತಿಯೇ ತೆಗೆಸಿ. ಒಂದು ಪಾಸ್‌ಪೋರ್ಟಿಗೆ ಸಂಗಾತಿಯ ಹೆಸರು ಸೇರಿಸಲು ಬೇಕು. ಒಂದು ಅಮೆರಿಕದ ಐ-130 ಅರ್ಜಿಗೆ, ಅಂದರೆ ಅಲ್ಲಿಯ ಪ್ರಜೆ ತನ್ನ ಸಂಗಾತಿಯನ್ನು ಅಲ್ಲಿ ನೆಲೆಸಲು ಕರೆಸಿಕೊಳ್ಳಲು ಹಾಕುವ ಅರ್ಜಿಗೆ. ಇಲ್ಲೇ ಉಳಿಯುವುದಾದರೆ ಅವನ ಎಂಟ್ರಿ ವೀಸಾಕ್ಕೆ ಒಂದು, ಮದುವೆಯಾಗಿ ಎರಡು ವರ್ಷ ತುಂಬಿದ ಮೇಲೆ ಒಸಿಐ ಅರ್ಜಿಗೆ, ಅಂದರೆ ಭಾರತದಲ್ಲಿ ದೀರ್ಘಕಾಲ ಇರಲು ಬಿಡುವ ಕಾರ್ಡಿನ ಅರ್ಜಿಗೆ, ಒಂದು. ನಮ್ಮ ಐ-130 ಅರ್ಜಿಗೆ ಅಪೊಸ್ಟಿಲ್ ಯಾರೂ ಕೇಳಲಿಲ್ಲ. ಕೇಳಿದ್ದು ಎರಡೂ ಹಳೆಯ ಅಫಿಡವಿಟ್: ನನ್ನ ಹೆಸರುಗಳದ್ದು, ಚೆನ್ನೈಯಲ್ಲಿ ಅವನು ಮಾಡಿದ್ದು. ಎರಡೂ ಫೈಲಿನಲ್ಲಿ ಇದ್ದವು, ಅವತ್ತೇ ಸ್ಕ್ಯಾನ್ ಮಾಡಿ ಕಳಿಸಿದೆವು.